ನಡೆದು ಕಲಿತ ಆಟ

ಅಲ್ ಬರ್ಷಾ, ದುಬೈ
೨೯ ಜೂನ್ ೨೦೧೨

ಮೇಷ್ಟ್ರೇ,

ಮೊದಲು ನಿಮ್ಮ ಕಾಲು ಮುಟ್ಟಿ ನಮಸ್ಕರಿಸುತ್ತೇನೆ, ಬೈಗುಳ ಆಮೇಲೆ ಕೇಳಿಸಿಕೊಳ್ಳುತ್ತೇನೆ. ಹದಿನಾಲ್ಕು ವರ್ಷದ ಹಿಂದೆ ನಿಮ್ಮ ಕಾರ್ಖಾನೆಯ ಜೂನಿಯರ್ ತಂಡದಲ್ಲಿ ಆಡುತ್ತಿದ್ದ, ನೀವು ‘ಬಸವನಹುಳು’ ಎಂದು ಕರೆಯುತ್ತಿದ್ದ ನಿರಂಜನ ಈಗ ಒಂದು ಕಾಲೇಜಿನ ಫುಟ್‌ಬಾಲ್ ತಂಡಕ್ಕೆ ಕೋಚ್ ಆಗಿದ್ದಾನೆ. ನಗಬೇಡಿ. ಸಂಬಳವಿಲ್ಲ, ಕೆಲಸ ಬೇಕಾದಷ್ಟಿದೆ. ಆಫೀಸಿನಲ್ಲಿ ದಿನವಿಡೀ ಕಂಪ್ಯೂಟರ್ ನೋಡಿ ಸಂಜೆ ಇಲ್ಲೇ ಅಲ್ ಬರ್ಷಾದ ಮೈದಾನಕ್ಕೆ ಹುಡುಗರನ್ನು ನೋಡಲು ಹೋಗುತ್ತೇನೆ.

ಶುಕ್ರವಾರ ನನ್ನೊಡನೆ ಆಡಲು ಬರುವ ಸೆಬಾಸ್ಟಿಯನ್ ಆ ಕಾಲೇಜಿನ ಕ್ರೀಡಾ ವಿಭಾಗ ನೋಡಿಕೊಳ್ಳುತ್ತಾನೆ. ಹೋದ ವರ್ಷ ಲೀಗಿನ ಮೊದಲ ಪಂದ್ಯದಲ್ಲೇ ಅಬುಧಾಬಿಯ ಒಂದು ಕಾಲೇಜಿನ ಎದುರು ಇವರು ಏಳು–ಸೊನ್ನೆ ಸೋತರಂತೆ. ಅಲ್ಲಿಂದ ಮುಂದೆ ಯಾವುದನ್ನೂ ಗೆಲ್ಲಲಿಲ್ಲ. ಈ ಸಲ ಮೊದಲ ಪಂದ್ಯ ಸೆಪ್ಟೆಂಬರ್ ೧೪ಕ್ಕೆ, ಅದೇ ಅಬುಧಾಬಿಯ ಕಾಲೇಜಿನ ಮೇಲೆ. ಅದನ್ನು ಗೆಲ್ಲದಿದ್ದರೆ ಲೀಗಿನಿಂದ ತಂಡದ ಹೆಸರನ್ನೇ ಹಿಂದಕ್ಕೆ ತೆಗೆದುಕೊಳ್ಳುತ್ತೇವೆ ಎಂದು ನಮ್ಮ ಕಾಲೇಜು ಬರೆದು ಕೊಟ್ಟುಬಿಟ್ಟಿದೆ. ಹದಿನೆಂಟು ಹುಡುಗರು, ಎರಡೂವರೆ ತಿಂಗಳು.

ಅಭ್ಯಾಸ ಮುಗಿದ ಮೇಲೆ ಕಂಡದ್ದನ್ನು ಬರೆದಿಡಬೇಕು ಎಂದು ನೀವು ಕಲಿಸಿದ್ದಿರಿ. ಇಂದು ಕಂಡದ್ದು ಇಷ್ಟು. ನಾಯಕ ಹಂಝನ ಕಾಲಿನಲ್ಲಿ ಆಟವಿದೆ. ಅವನ ಮನೆಯವರು ಭಟ್ಕಳದವರು, ಇಲ್ಲಿ ಅಲ್ ಮುರಕ್ಕಬಾತಿನಲ್ಲಿ ಹೋಟೆಲ್ ಇಟ್ಟಿದ್ದಾರೆ. ಗೋಲು ಕಾಯುವ ನಮ್ಮ ಗೋಲಿ ನೆವಿಲ್ ಮಂಗಳೂರು ಕಡೆಯವನು, ಕೈ ಒಳ್ಳೆಯದು, ಬಾಯಿ ಅದಕ್ಕಿಂತ ದೊಡ್ಡದು. ಉಳಿದವರು ಚೆಂಡು ಕಂಡ ಕಡೆಗೆ ಒಟ್ಟಿಗೆ ನುಗ್ಗುತ್ತಾರೆ, ಬೆಲ್ಲಕ್ಕೆ ಇರುವೆ ಮುತ್ತಿದ ಹಾಗೆ.

ಫೋನು ಮಾಡಿದ್ದೆ. ಶಾರದಮ್ಮನವರು “ಅವ್ರು ಗ್ರೌಂಡಿಗೆ ಹೋಗಿದಾರೆ ಕಣಪ್ಪ” ಎಂದರು. ಎಪ್ಪತ್ತೊಂದರಲ್ಲೂ ಬಿಟ್ಟಿಲ್ಲವಲ್ಲ! ಉತ್ತರವನ್ನು ಆಫೀಸಿನ ಅಂಚೆಪೆಟ್ಟಿಗೆ ನಂಬರಿಗೆ ಬರೆಯಿರಿ. ಇಲ್ಲಿ ಮನೆ ಬಾಗಿಲಿಗೆ ಅಂಚೆಯವನು ಬರುವುದಿಲ್ಲ.

ನಿಮ್ಮ
ನಿರಂಜನ


ಬೆಂಗಳೂರು
೯ ಜುಲೈ ೨೦೧೨

ನಿರಂಜನ,

ಆಶೀರ್ವಾದ ಇದ್ದೇ ಇದೆ, ಅದನ್ನು ನಂಬಿಕೊಂಡು ಕೂರಬೇಡ.

ಹುಡುಗರು ಒಟ್ಟಿಗೆ ನುಗ್ಗುತ್ತಾರೆಂದರೆ ಅವರಿಗೆ ದಮ್ಮಿಲ್ಲ ಎಂದೇ ಅರ್ಥ. ದಮ್ಮಿದ್ದವನು ಖಾಲಿ ಜಾಗಕ್ಕೆ ಓಡುತ್ತಾನೆ, ಇಲ್ಲದವನು ಗುಂಪಿನಲ್ಲಿ ಅಡಗುತ್ತಾನೆ. ಓಡದವನು ಆಡಲಾರ. ನಲವತ್ತು ವರ್ಷ ಇದನ್ನೇ ಹೇಳಿದ್ದೇನೆ, ಸಾಯುವವರೆಗೂ ಇದನ್ನೇ ಹೇಳುತ್ತೇನೆ. ಇದರೊಂದಿಗೆ ಆರು ಹಾಳೆಯಲ್ಲಿ ಓಟದ ವೇಳಾಪಟ್ಟಿ ಬರೆದು ಇಟ್ಟಿದ್ದೇನೆ. ಬೆಳಿಗ್ಗೆ ಐದೂವರೆಗೆ ಮೈದಾನದ ಸುತ್ತ ಹತ್ತು ಸುತ್ತು, ಸಂಜೆ ಮತ್ತೆ ಹತ್ತು. ಕಾಲು ಗಂಟೆಗೊಮ್ಮೆ ಒಂದು ಲೋಟ ನೀರು, ಅದಕ್ಕೆ ಚಿಟಿಕೆ ಉಪ್ಪು, ಒಂದಿಷ್ಟು ಬೆಲ್ಲ. ಒಂದು ದಿನವೂ ತಪ್ಪಬಾರದು. ಚೆಂಡನ್ನು ಮೂರನೆಯ ವಾರದವರೆಗೆ ಬೀರುವಿನಲ್ಲಿಟ್ಟು ಬೀಗ ಹಾಕು.

ಅಕ್ಷರ ಓಲಾಡಿದ್ದರೆ ಕ್ಷಮಿಸು, ತೊಡೆಯ ಮೇಲೆ ಪ್ಯಾಡ್ ಇಟ್ಟುಕೊಂಡು ಬರೆಯುತ್ತಿದ್ದೇನೆ. ನಾನು ಚೆನ್ನಾಗಿದ್ದೇನೆ. ಫೋನು ಮಾಡಿ ದುಡ್ಡು ಹಾಳು ಮಾಡಬೇಡ, ನಾನು ಮನೆಯಲ್ಲಿ ಸಿಗುವವನಲ್ಲ.

ದ್ವಾರಕನಾಥ


ಅಲ್ ಬರ್ಷಾ
೨೪ ಜುಲೈ ೨೦೧೨

ಮೇಷ್ಟ್ರೇ,

ವೇಳಾಪಟ್ಟಿ ತಲುಪಿತು. ಎರಡು ಸಲ ಓದಿದೆ. ಅಭ್ಯಾಸ ಸೊಗಸಾಗಿ ನಡೆದಿದೆ. ದಿನಕ್ಕೆ ಒಂದು ಗಂಟೆ, ಹದಿನೆಂಟು ಜನರಲ್ಲಿ ಒಬ್ಬರೂ ತಪ್ಪಿಸುತ್ತಿಲ್ಲ. ನೆವಿಲ್ ಮೊದಲ ದಿನ ಗೊಣಗಿದ, ಈಗ ಅವನೇ ಎಲ್ಲರಿಗಿಂತ ಮುಂಚೆ ಬಂದು ನಿಲ್ಲುತ್ತಾನೆ. ಎಡಗಡೆ ಆಡುವ ಡ್ಯಾನಿಯಲ್ ಮೊನ್ನೆಯಿಂದ ತಲೆ ಎತ್ತಿ ಆಡುತ್ತಿದ್ದಾನೆ. ಹೆಚ್ಚು ಬರೆಯಲು ಪುರಸೊತ್ತಿಲ್ಲ.

ನನ್ನ ಹೆಂಡತಿ ಮಾನ್ಯ ರಜೆಗೆ ಊರಿಗೆ ಬರುತ್ತಿದ್ದಾಳೆ. ಈ ಕಾಗದವನ್ನೂ, ಖರ್ಜೂರದ ಡಬ್ಬಿಯನ್ನೂ, ನಿಮಗೊಂದು ಸೀಟಿಯನ್ನೂ ಅವಳ ಕೈಯಲ್ಲಿ ಕಳಿಸಿದ್ದೇನೆ. ಮನೆಗೇ ಬಂದು ಕೊಡುತ್ತಾಳೆ. ನೀವು ಮೈದಾನದಿಂದ ಬರುವ ಹೊತ್ತು ಶಾರದಮ್ಮನವರು ಅವಳಿಗೆ ಹೇಳಿದರೆ ಸಾಕು.

ನಿರಂಜನ


ಬೆಂಗಳೂರು
೩೦ ಜುಲೈ ೨೦೧೨

ನಿರಂಜನ,

ನಿನ್ನ ಹೆಂಡತಿ ಬಂದಿದ್ದಳು. ಒಳ್ಳೆಯ ಹುಡುಗಿ, ಸುಳ್ಳು ಹೇಳಲು ಬರುವುದಿಲ್ಲ. “ಹುಡುಗ್ರು ದಿನಕ್ಕೆ ಎಷ್ಟು ಸುತ್ತು ಓಡ್ತಾರಮ್ಮ?” ಎಂದು ಕೇಳಿದೆ. “ಓಡೋದೆಲ್ಲಿ ಬಂತು ಮೇಷ್ಟ್ರೇ, ಎಲ್ರೂ ನಡೀತಾರೆ” ಎಂದು ನಾಲಿಗೆ ಕಚ್ಚಿಕೊಂಡಳು.

ನಡೆಯುತ್ತಾರೆ! ಫುಟ್‌ಬಾಲ್ ತಂಡವೋ, ದೇವಸ್ಥಾನದ ಪ್ರದಕ್ಷಿಣೆಯೋ? ನೀನು ಬಸವನಹುಳು, ಸರಿ. ಹದಿನೆಂಟು ಮಂದಿಯನ್ನೂ ಹಾಗೇ ಮಾಡಬೇಕೆಂದು ಯಾರು ಹೇಳಿದರು? ಬಿಸಿಲು ಜಾಸ್ತಿ, ಮೈದಾನ ಸರಿಯಿಲ್ಲ ಎಂದೆಲ್ಲ ಬರೆದೀಯ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಎದುರಾಳಿಗಳು ಈಗ ಎಲ್ಲಿ ತರಬೇತಿ ಮಾಡುತ್ತಿದ್ದಾರೆ ಎಂದು ಕೇಳಿದ್ದಕ್ಕೆ, ತುರ್ಕಿಯ ತಂಪಿನಲ್ಲಿ ಎಂದಳು ಮಾನ್ಯ. ಅವರು ಬೆಟ್ಟ ಹತ್ತಿ ಓಡುತ್ತಿರುವಾಗ ನೀವು ಹೆಜ್ಜೆ ಎಣಿಸುತ್ತಿದ್ದೀರಿ.

ನಡೆಯುವುದು ವ್ಯಾಯಾಮವಲ್ಲ ನಿರಂಜನ. ನಡೆಯುವುದು ಮುದುಕರು ಮಾಡುವ ಕೆಲಸ, ಕೈಲಾಗದವರು ಮಾಡುವ ಕೆಲಸ. ಈ ವಿಷಯದಲ್ಲಿ ಈಚೆಗೆ ನನ್ನ ತಾಳ್ಮೆ ಬಹಳ ಕಡಿಮೆಯಾಗಿದೆ.

ನನ್ನಿಂದ ಮುಚ್ಚಿಟ್ಟೆಯಲ್ಲ, ಅದು ಸೋಲಿಗಿಂತ ನೋವು.

ದ್ವಾರಕನಾಥ


ಅಲ್ ಬರ್ಷಾ
೧೦ ಆಗಸ್ಟ್ ೨೦೧೨

ಮೇಷ್ಟ್ರೇ,

ತಪ್ಪಾಯಿತು. ನಡೆಸಿದ್ದಕ್ಕಲ್ಲ, ಹೇಳದೆ ಇದ್ದದ್ದಕ್ಕೆ. ನಿಮ್ಮ ಆರು ಹಾಳೆ ಕೈಗೆ ಬಂದ ಮೇಲೆ ಬರೆಯುವ ಧೈರ್ಯ ಆಗಲಿಲ್ಲ. ಈಗ ಎಲ್ಲವನ್ನೂ ಹೇಳುತ್ತೇನೆ.

ಜುಲೈ ಇಪ್ಪತ್ತರಿಂದ ಇಲ್ಲಿ ರಂಜಾನ್. ನಮ್ಮ ಹದಿನೆಂಟರಲ್ಲಿ ಹನ್ನೊಂದು ಜನ ಉಪವಾಸ. ಬೆಳಗಿನ ನಾಲ್ಕೂವರೆಯಿಂದ ಸಂಜೆ ಏಳರವರೆಗೆ ಒಂದು ತೊಟ್ಟು ನೀರೂ ಇಲ್ಲ. ಉಪವಾಸವಿಲ್ಲದ ಏಳು ಜನರೂ ಸೂರ್ಯ ಮುಳುಗುವ ಮೊದಲು ಮೈದಾನದಲ್ಲಿ ನೀರು ಕುಡಿಯುವಂತಿಲ್ಲ. ಈ ತಿಂಗಳು ಹೊರಗೆ, ನಾಲ್ಕು ಜನರ ಎದುರು ತಿನ್ನುವುದು ಕುಡಿಯುವುದು ಇಲ್ಲಿ ಕಾನೂನಿಗೆ ವಿರುದ್ಧ. ಹೊರಗೆ ನಲವತ್ತೊಂದು ಡಿಗ್ರಿ. ಹೀಗಾಗಿ ಪ್ರತಿ ವರ್ಷ ಈ ತಂಡ ಹಬ್ಬ ಮುಗಿದ ಮೇಲೆಯೇ ಬೂಟು ಕಟ್ಟುತ್ತಿತ್ತು, ಮೂರು ವಾರದಲ್ಲಿ ಏನೂ ಆಗದೆ ಸೋಲುತ್ತಿತ್ತು. ಈ ಸಲವೂ ಸೆಬಾಸ್ಟಿಯನ್ ಅದನ್ನೇ ಹೇಳಿದ. ನಾನು ಒಪ್ಪಲಿಲ್ಲ.

ಹಂಝ ಬಂದು “ಸರ್, ನೋಂಬು ಬಿಡ್ಲಿಕ್ಕೆ ಆಗುದಿಲ್ಲ, ಆಟವೂ ಬಿಡ್ಲಿಕ್ಕೆ ಆಗುದಿಲ್ಲ. ನೀವೇ ಎಂತಾದ್ರೂ ಮಾಡಿ” ಎಂದ. ಎರಡರಲ್ಲಿ ಒಂದನ್ನು ಆರಿಸಿಕೋ ಎಂದು ಯಾವ ಬಾಯಲ್ಲಿ ಹೇಳಲಿ? ಓಡಿಸಿದರೆ ಒಬ್ಬನಾದರೂ ಬೀಳುತ್ತಾನೆ. ಅದಕ್ಕೆ ಸೂರ್ಯ ಮುಳುಗುವ ಒಂದು ಗಂಟೆ ಮೊದಲು ಎಲ್ಲರೂ ಬರಬೇಕು, ಆದರೆ ಯಾರೂ ಓಡಬಾರದು ಎಂದೆ. ಓಡಿದರೆ ಫೌಲ್, ಚೆಂಡು ಎದುರು ಗುಂಪಿಗೆ ಹೋಗುತ್ತದೆ.

ನೆವಿಲ್ ಬಿದ್ದು ಬಿದ್ದು ನಕ್ಕ. “ಎಂಥ ಸರ್ ಇದು, ವಾಕಿಂಗ್ ಮಾಡ್ಲಿಕ್ಕೆ ಗೋಲಿ ಯಾಕೆ?” ಎಂದ. ಮೂರನೆಯ ದಿನ ನಗು ನಿಂತಿತು. ಓಡುವಾಗ ಕಾಣದ ತಪ್ಪುಗಳೆಲ್ಲ ನಡೆಯುವಾಗ ಎದ್ದು ಕಂಡವು. ಎದುರಾಳಿಯನ್ನು ಓಡಿ ದಾಟುವಂತಿಲ್ಲವಾದ್ದರಿಂದ ಚೆಂಡನ್ನು ಕೊಡಲೇಬೇಕು, ಕೊಡಬೇಕಾದರೆ ಯಾರು ಎಲ್ಲಿದ್ದಾರೆ ಎಂದು ಗೊತ್ತಿರಲೇಬೇಕು. ನಡುವೆ ನಾನು ಸೀಟಿ ಊದುತ್ತೇನೆ, ಎಲ್ಲರೂ ನಿಂತಲ್ಲೇ ಕಣ್ಣು ಮುಚ್ಚಬೇಕು. “ಡ್ಯಾನಿಯಲ್ ಎಲ್ಲಿ?” ಎಂದು ಕೇಳುತ್ತೇನೆ, ಬೆರಳು ತೋರಿಸಬೇಕು. ಮೊದಲ ದಿನ ಹತ್ತು ಬೆರಳು ಹತ್ತು ದಿಕ್ಕಿಗೆ ಹೋದವು. ಡ್ಯಾನಿಯಲ್ ತನ್ನನ್ನೇ ತೋರಿಸಿಕೊಂಡ, ಅದೊಂದೇ ಸರಿಯಾದದ್ದು. ನಿನ್ನೆ ಹದಿನೇಳೂ ಬೆರಳು ಅವನ ಎದೆಗೇ ಇದ್ದವು. ನನಗೆ ಮೈ ಜುಮ್ಮೆಂದಿತು ಮೇಷ್ಟ್ರೇ.

ಏಳು ಗಂಟೆಗೆ ಮಸೀದಿಯ ಬಾಂಗ್ ಕೇಳುತ್ತದೆ. ಹಂಝನ ತಾಯಿ ಮೆಹರುನ್ನಿಸ ಅವರು ಖರ್ಜೂರ, ನೀರು, ಗಂಜಿ ಕಳಿಸಿರುತ್ತಾರೆ. ಉಪವಾಸವಿದ್ದವರೂ ಇಲ್ಲದವರೂ ಒಂದೇ ಚಾಪೆಯ ಮೇಲೆ ಕೂರುತ್ತೇವೆ. ಮೊದಲ ಗುಟುಕು ನೀರು ಒಳಗೆ ಹೋದಾಗ ಆ ಹುಡುಗರ ಮುಖ ನೋಡಬೇಕು ನೀವು. ನಿಮ್ಮ ಉಪ್ಪು–ಬೆಲ್ಲದ ನೀರನ್ನು ಆಗ ಕುಡಿಸುತ್ತೇನೆ, ಅದೊಂದನ್ನು ಮಾತ್ರ ಪಾಲಿಸಿದ್ದೇನೆ.

ಬೇಕಾದರೆ ಬಯ್ಯಿರಿ, ಬರೆಯುವುದನ್ನು ಮಾತ್ರ ನಿಲ್ಲಿಸಬೇಡಿ.

ನಿರಂಜನ


ಬೆಂಗಳೂರು
೨೪ ಆಗಸ್ಟ್ ೨೦೧೨

ನಿರಂಜನ,

ಮಾನ್ಯ ನಾಡಿದ್ದು ಹೊರಡುತ್ತಾಳಂತೆ, ಅವಳ ಕೈಯಲ್ಲೇ ಕೊಡುತ್ತಿದ್ದೇನೆ.

ಉಪವಾಸದ ತಿಂಗಳಲ್ಲಿ ಕಾಲು ಗಂಟೆಗೊಮ್ಮೆ ನೀರು ಕುಡಿಸು ಎಂದು ಬರೆದ ಕೋಚು ಪ್ರಪಂಚದಲ್ಲಿ ನಾನೊಬ್ಬನೇ ಇರಬೇಕು. ಪಂಚಾಂಗ ಗೋಡೆಯಲ್ಲೇ ನೇತಾಡುತ್ತಿದೆ, ನೋಡಲಿಲ್ಲ. ಬೈದದ್ದನ್ನು ವಾಪಸು ತೆಗೆದುಕೊಳ್ಳುತ್ತೇನೆ, ಪೂರ್ತಿ ಅಲ್ಲ, ಮುಕ್ಕಾಲು ಪಾಲು.

ಕೆಲವು ಪ್ರಶ್ನೆಗಳಿವೆ, ಒಂದೊಂದಕ್ಕೂ ಸರಿಯಾಗಿ ಉತ್ತರ ಬರೆ. ಮೊದಲ ದಿನ ಎಷ್ಟು ಹೊತ್ತು ನಡೆಸಿದೆ? ನಡೆಯುವಾಗ ಹುಡುಗರು ಪಾದ ನೋಡಿಕೊಳ್ಳುತ್ತಿದ್ದರೋ, ಮುಂದೆ ನೋಡುತ್ತಿದ್ದರೋ? ತಿರುಗಬೇಕಾದಾಗ ಯಾವ ಕಾಲು ಮೊದಲು ಇಡಿಸಿದೆ? ಬೇಸರ ಬಂದು ‘ಇದೆಲ್ಲ ದಂಡ’ ಅನ್ನಿಸಿದ ದಿನ ಅವರನ್ನು ಹೇಗೆ ಎಬ್ಬಿಸಿದೆ? ಈ ಕೊನೆಯದಕ್ಕೆ ಉದ್ದವಾಗಿ ಬರೆ.

ದ್ವಾರಕನಾಥ


ಅಲ್ ಬರ್ಷಾ
೧ ಸೆಪ್ಟೆಂಬರ್ ೨೦೧೨

ಮೇಷ್ಟ್ರೇ,

ಪರೀಕ್ಷೆ ಮಾಡುತ್ತಿದ್ದೀರಿ ಎಂದು ಗೊತ್ತಾಯಿತು, ನಾನೂ ಓದಿಕೊಂಡೇ ಬಂದಿದ್ದೇನೆ. ಮೊದಲ ದಿನ ಇಪ್ಪತ್ತು ನಿಮಿಷ ಮಾತ್ರ. ಎಲ್ಲರೂ ಪಾದವನ್ನೇ ನೋಡುತ್ತಿದ್ದರು. ಎದುರಿಗೊಬ್ಬನನ್ನು ನಿಲ್ಲಿಸಿ ಅವನ ಮುಖ ನೋಡುತ್ತಾ ನಡೆಯಿರಿ ಎಂದ ಮೇಲೆ ತಲೆ ಮೇಲೆದ್ದಿತು. ತಿರುಗುವಾಗ ಯಾವ ಕಡೆಗೆ ಹೋಗಬೇಕೋ ಆ ಕಡೆಯ ಕಾಲು ಮೊದಲು, ಸಣ್ಣ ಹೆಜ್ಜೆ. ಆತುರ ಪಟ್ಟವನು ಮುಗ್ಗರಿಸಿದ.

ಬೇಸರದ ದಿನ ಬಂದೇ ಬಂತು. ಹದಿನೈದನೆಯ ಉಪವಾಸದ ಸಂಜೆ ಹಂಝನೇ ನೆಲಕ್ಕೆ ಕೂತುಬಿಟ್ಟ. “ಖಲಾಸ್ ಸರ್. ಅವ್ರು ತುರ್ಕಿಯಲ್ಲಿ ಓಡ್ತಾ ಇದ್ದಾರೆ, ನಾವಿಲ್ಲಿ ನಡೀತಾ ಇದ್ದೇವೆ. ಕಾಲೇಜಿನವ್ರೆಲ್ಲ ನಗಾಡ್ತಾರೆ” ಎಂದ. ನಾನು ಉಪದೇಶ ಮಾಡಲಿಲ್ಲ. ಪಕ್ಕದಲ್ಲಿ ಕೂತೆ. ನೆವಿಲ್ ಗೋಲಿನಿಂದ ನಡೆದುಕೊಂಡು ಬಂದು “ನಗುವವ್ರು ನಗ್ಲಿ ಮಾರಾಯ. ನಿನ್ನೆಗಿಂತ ಹತ್ತು ಪಾಸ್ ಜಾಸ್ತಿ ಮಾಡುವಾ, ಅಷ್ಟೇ. ಯಲ್ಲಾ, ಏಳು!” ಎಂದು ಕೈ ಹಿಡಿದು ಎಬ್ಬಿಸಿದ. ನಿನ್ನೆಗಿಂತ ಹತ್ತು. ಆಮೇಲೆ ಅದೇ ನಮ್ಮ ಲೆಕ್ಕವಾಯಿತು. ಆ ಮಾತು ನನಗೆ ಹೊಳೆದಿರಲಿಲ್ಲ ಎಂದು ಒಪ್ಪಿಕೊಳ್ಳುತ್ತೇನೆ.

ಹಬ್ಬ ಮುಗಿದ ಮೇಲೆ ಓಟ ಶುರುವಾಗಿದೆ, ನಿಮ್ಮ ಪಟ್ಟಿಯ ಪ್ರಕಾರವೇ, ಅರ್ಧ ಪ್ರಮಾಣದಲ್ಲಿ. ಈಗ ಅವರು ಓಡುವುದನ್ನು ನೋಡಿದರೆ, ಎಲ್ಲಿಗೆ ಹೋಗಬೇಕೆಂದು ಗೊತ್ತಿದ್ದು ಓಡುವವರಂತೆ ಕಾಣುತ್ತಾರೆ. ಆದರೂ ನನಗೆ ನಿದ್ದೆ ಹತ್ತುತ್ತಿಲ್ಲ. ಸೋತರೆ ಹದಿನೆಂಟು ಹುಡುಗರ ಒಂದು ತಿಂಗಳ ಬಾಯಾರಿಕೆಗೆ ನಾನು ಉತ್ತರ ಹೇಳಬೇಕು.

ಮಾನ್ಯಳನ್ನು “ಮೇಷ್ಟ್ರು ಹೇಗಿದ್ದಾರೆ?” ಎಂದು ಕೇಳಿದರೆ “ಚೆನ್ನಾಗಿದಾರೆ” ಎಂದಷ್ಟೇ ಹೇಳಿ ಅಡುಗೆಮನೆಗೆ ಹೋಗುತ್ತಾಳೆ. ನನ್ನ ಮೇಲೆ ಇನ್ನೂ ಕೋಪವಿದೆ ಎಂದುಕೊಂಡಿದ್ದೇನೆ.

ನಿರಂಜನ


ಅಲ್ ಬರ್ಷಾ
೧೫ ಸೆಪ್ಟೆಂಬರ್ ೨೦೧೨

ಮೇಷ್ಟ್ರೇ, ಮೇಷ್ಟ್ರೇ,

ಗೆದ್ದೆವು! ಎರಡು–ಒಂದು!

ಕ್ರಮವಾಗಿ ಬರೆಯುತ್ತೇನೆ. ಪಂದ್ಯ ಅಬುಧಾಬಿಯ ಬನಿಯಾಸಿನಲ್ಲಿ, ಸಂಜೆ ಐದೂವರೆಗೆ. ಗಾಳಿಯಲ್ಲಿ ಎಷ್ಟು ತೇವವೆಂದರೆ ಕನ್ನಡಕ ಒರೆಸಿ ಒರೆಸಿ ಅಂಗಿಯ ತುದಿ ಒದ್ದೆಯಾಯಿತು. ಅವರು ತುರ್ಕಿಯ ತಂಪಿನಿಂದ ಬಂದವರು, ಬೂಟಿನಿಂದ ಟೋಪಿಯವರೆಗೆ ಹೊಸದು. ಮೊದಲ ಇಪ್ಪತ್ತೈದು ನಿಮಿಷ ಕುದುರೆಗಳ ಹಾಗೆ ಓಡಿದರು. ಒಂದು ಗೋಲು ಹೊಡೆದೇಬಿಟ್ಟರು. ನೆವಿಲ್ ಇನ್ನು ನಾಲ್ಕನ್ನು ತಡೆದ. ಸೆಬಾಸ್ಟಿಯನ್ ನನ್ನ ಮುಖ ನೋಡುವುದನ್ನು ಬಿಟ್ಟ. ಹೋದ ವರ್ಷದ ಏಳು ನನ್ನ ಕಣ್ಣೆದುರು ಬಂತು.

ವಿರಾಮದಲ್ಲಿ ನಾನು ಹೇಳಿದ್ದು ಒಂದೇ ಮಾತು: “ಅವ್ರ ಜೊತೆ ಓಟದ ಪಂದ್ಯ ಕಟ್ಟಬೇಡಿ. ಚೆಂಡು ಓಡ್ಲಿ, ನೀವು ನಮ್ಮ ರಂಜಾನ್ ಆಟ ಆಡಿ.” ಹಂಝ ನಕ್ಕ. ಆ ನಗು ಕಂಡಾಗಲೇ ನನಗೆ ಧೈರ್ಯ ಬಂತು.

ಆಮೇಲೆ ನಡೆದದ್ದನ್ನು ಹೇಗೆ ಬರೆಯಲಿ? ಚೆಂಡು ನಮ್ಮವರ ಕಾಲಿನಿಂದ ಕಾಲಿಗೆ ಹೋಗುತ್ತಲೇ ಇತ್ತು, ಅವರು ಅದರ ಹಿಂದೆ ಓಡುತ್ತಲೇ ಇದ್ದರು. ಅರುವತ್ತನೆಯ ನಿಮಿಷಕ್ಕೆ ಅವರಲ್ಲಿ ಇಬ್ಬರು ಮೊಣಕಾಲಿಗೆ ಕೈ ಕೊಟ್ಟು ನಿಂತರು. ನೀರಿಲ್ಲದೆ ತಿಂಗಳು ಕಳೆದ ನಮ್ಮವರಿಗೆ ಆ ಸೆಕೆ ಏನೂ ಅಲ್ಲವೇನೋ, ಅಥವಾ ನಮ್ಮವರು ಓಡಿ ದಣಿದದ್ದೇ ಕಡಿಮೆ. ಎಪ್ಪತ್ತರಲ್ಲಿ ಹಂಝ ಹೊಡೆದ ಗೋಲಿನಿಂದ ಸಮವಾಯಿತು.

ಎಂಬತ್ತಾರನೆಯ ನಿಮಿಷ. ನೆವಿಲ್ ಕೈಯಿಂದ ಶುರುವಾಗಿ ಹನ್ನೊಂದು ಪಾಸ್. ಹನ್ನೊಂದನೆಯದನ್ನು ಹಂಝ ಎಡಗಡೆಗೆ ಕೊಟ್ಟ. ನಾನು ಅವನನ್ನೇ ನೋಡುತ್ತಿದ್ದೆ, ಆಣೆ ಮಾಡಿ ಹೇಳುತ್ತೇನೆ, ಅವನು ಆ ಕಡೆ ತಿರುಗಿಯೂ ನೋಡಲಿಲ್ಲ. ಡ್ಯಾನಿಯಲ್ ಅಲ್ಲಿ ಇದ್ದ. ಇದ್ದೇ ಇದ್ದ! ಒಂದೇ ಏಟಿಗೆ ಬಲೆ ಅಲುಗಿತು. ನಾನು ಲೈನು ದಾಟಿ ಒಳಗೆ ನುಗ್ಗಿದೆ, ರೆಫರಿ ಹಳದಿ ಕಾರ್ಡು ತೋರಿಸಿದರು. ನಿಮ್ಮ ಬಸವನಹುಳು ಜನ್ಮದಲ್ಲಿ ಮೊದಲ ಸಲ ಜೋರಾಗಿ ಓಡಿದ್ದಕ್ಕೆ ಸಿಕ್ಕಿದ ಬಹುಮಾನ ಅದು.

ಮುಗಿದ ಮೇಲೆ ಸೆಬಾಸ್ಟಿಯನ್ ನನ್ನನ್ನು ತಬ್ಬಿಕೊಂಡು ಅತ್ತ. ತಂಡದ ಹೆಸರು ಲೀಗಿನಲ್ಲಿ ಉಳಿಯಿತು. ಅವರ ಕೋಚು ಬಂದು ನನ್ನ ಕೈ ಕುಲುಕಿ, ನಾವು ಬೇಸಿಗೆಯ ಶಿಬಿರಕ್ಕೆ ಯಾವ ದೇಶಕ್ಕೆ ಹೋಗಿದ್ದೆವು ಎಂದು ಕೇಳಿದ. ನೆವಿಲ್ ನಡುವೆ ಬಾಯಿ ಹಾಕಿ “ಅಲ್ ಬರ್ಷಾ!” ಎಂದ.

ನನಗೆ ಬಹಳ ಹೆಮ್ಮೆಯಾಗಿದೆ ಮೇಷ್ಟ್ರೇ. ಮುಚ್ಚುಮರೆಯಿಲ್ಲದೆ ಹೇಳುತ್ತೇನೆ, ಬಹಳ ಹೆಮ್ಮೆಯಾಗಿದೆ. ನೀವು ಇರಬೇಕಿತ್ತು.

ನಿರಂಜನ


ಬೆಂಗಳೂರು
೨೬ ಸೆಪ್ಟೆಂಬರ್ ೨೦೧೨

ನಿರಂಜನ,

ಶಹಬಾಸ್! ನಿನ್ನ ಕಾಗದವನ್ನು ಶಾರದೆ ಗಟ್ಟಿಯಾಗಿ ಓದಿದಳು, ಎರಡನೆಯ ಗೋಲಿಗೆ ಬಂದಾಗ ಅವಳೇ ಕೂಗಿಕೊಂಡಳು. ಪಕ್ಕದ ಮನೆಯವರು ಏನಾಯಿತೆಂದು ಓಡಿ ಬಂದರು. ಅವರಿಗೂ ಮೊದಲಿನಿಂದ ಓದಿ ಹೇಳಿದ್ದಾಯಿತು.

ಈಗ ನನ್ನ ಸರದಿ. ಮುಚ್ಚಿಟ್ಟದ್ದು ನೋವು ಎಂದು ನಿನಗೆ ಬರೆದವನು ನಾನೇ ನಾಲ್ಕು ತಿಂಗಳಿಂದ ಮುಚ್ಚಿಟ್ಟಿದ್ದೆ. ಮೇ ತಿಂಗಳಲ್ಲಿ ಮೈದಾನದಲ್ಲಿ ಮಕ್ಕಳಿಗೆ ಚೆಂಡು ತಡೆಯುವುದನ್ನು ತೋರಿಸಲು ಹೋಗಿ ಬಿದ್ದೆ. ಸೊಂಟದ ಮೂಳೆ ಮುರಿಯಿತು. ಆಪರೇಷನ್ ಮಾಡಿ ಒಳಗೆ ಕಬ್ಬಿಣ ಹಾಕಿದ್ದಾರೆ. ಗ್ರೌಂಡಿಗೆ ಹೋಗಿದ್ದಾರೆ ಎಂದು ಶಾರದೆ ಹೇಳಿದ್ದು ನಾನು ಹೇಳಿಕೊಟ್ಟ ಸುಳ್ಳು. ಮಾನ್ಯಳ ಕೈಯಲ್ಲಿ ಭಾಷೆ ತೆಗೆದುಕೊಂಡಿದ್ದೆ. ಪಾಪ, ಅವಳನ್ನು ಬೈಯಬೇಡ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ, ಅದಕ್ಕೆ.

ಡಾಕ್ಟರು ವಾಕರ್ ಹಿಡಿದು ದಿನಾ ನಡೆಯಲೇಬೇಕು ಎಂದಿದ್ದರು. ನಾನು ಹಾಸಿಗೆ ಬಿಟ್ಟು ಏಳಲಿಲ್ಲ. ನಲವತ್ತು ವರ್ಷ ಓಡಿಸಿದವನು ನಡುಮನೆಯಲ್ಲಿ ಹೆಜ್ಜೆ ಹೆಜ್ಜೆ ಇಡುವುದು ನನಗೆ ಸಾವಿಗಿಂತ ನಾಚಿಕೆಯಾಗಿತ್ತು. ನಿನ್ನ ಮೇಲೆ ರೇಗಿದ್ದು ಅದಕ್ಕೇ. ಆಮೇಲೆ ನಿನ್ನ ಆ ಉದ್ದದ ಕಾಗದ ಬಂತು. ಇಪ್ಪತ್ತು ವರ್ಷದ ಹುಡುಗರು ಬಾಯಾರಿಕೊಂಡು, ನಾಲ್ಕು ಜನ ನಗುತ್ತಿದ್ದರೂ ನಡೆಯುತ್ತಾರೆ, ನನಗೇನು ದಾಡಿ ಎನ್ನಿಸಿತು. ಮರುದಿನ ಬೆಳಿಗ್ಗೆ ಶಾರದೆಯನ್ನು ಕರೆದು “ವಾಕರ್ ತಗೊಂಬಾರೇ” ಎಂದೆ. ಅವಳು ಬಾಗಿಲ ಹಿಂದೆ ನಿಂತು ಅತ್ತಳು.

ಆ ಪ್ರಶ್ನೆಗಳು ಪರೀಕ್ಷೆಯಲ್ಲ ಕಣೋ, ನನಗೇ ಗೊತ್ತಿರದಿದ್ದಕ್ಕೆ ಕೇಳಿದ್ದು. ಪಾದ ನೋಡದೆ ಶಾರದೆಯ ಮುಖ ನೋಡಿಕೊಂಡು ನಡೆದೆ. ನಲವತ್ತು ವರ್ಷದ ಮೇಲೆ ಅಷ್ಟು ಹೊತ್ತು ಅವಳ ಮುಖ ನೋಡಿದ್ದು. ನಮ್ಮ ನಡುಮನೆಯಲ್ಲಿ ಫ್ರಿಜ್ಜು ಲೆಫ್ಟ್ ಬ್ಯಾಕ್, ಟೀವಿ ಸೆಂಟರ್. ದಿನಾ ನಿನ್ನೆಗಿಂತ ಹತ್ತು ಹೆಜ್ಜೆ. ಎರಡು ವಾರದ ಹಿಂದೆ ಗೇಟು, ಹೋದ ವಾರ ಬೀದಿಯ ಕೊನೆ. ಮೊನ್ನೆ ಭಾನುವಾರ ಊರುಗೋಲು ಹಿಡಿದು ಮೈದಾನದವರೆಗೆ ಹೋಗಿ ಬಂದೆ. ಮಕ್ಕಳು ಆಟ ನಿಲ್ಲಿಸಿ ಚಪ್ಪಾಳೆ ತಟ್ಟಿದರು. ಕಣ್ಣಲ್ಲಿ ನೀರು ಬಂತು, ಬರಲಿ ಎಂದು ಬಿಟ್ಟೆ.

ಆಟ ಕಲಿಸಿದವನು ನಾನು. ಆದರೆ ಈ ಸಲ ನನಗೆ ಕಲಿಸಿದವರು ನೀವು, ಹದಿನೆಂಟು ಹುಡುಗರೂ ನೀನೂ. ಇದನ್ನು ಅವರಿಗೆ ಓದಿ ಹೇಳು.

ನಮ್ಮಿಬ್ಬರ ಪಾಸ್‌ಪೋರ್ಟಿನ ನಕಲು, ಫೋಟೋ ಎಲ್ಲ ಇದರಲ್ಲಿದೆ. ವೀಸಾ ಮಾಡಿಸು. ಡಿಸೆಂಬರಿನಲ್ಲಿ ನಿಮ್ಮ ಲೀಗಿನ ಕೊನೆಯ ಪಂದ್ಯ ಇದೆಯಂತಲ್ಲ, ಅದಕ್ಕೆ ಬರುತ್ತೇವೆ. ಡಾಕ್ಟರು ಒಪ್ಪಿದ್ದಾರೆ. ಟಿಕೆಟಿನವನ ಹತ್ತಿರ ಹೋಗಿದ್ದೆ. ನನ್ನ ಊರುಗೋಲು ನೋಡಿ “ವೀಲ್‌ಚೇರ್ ಹಾಕ್ಲಾ ಸರ್? ದುಬೈ ಏರ್‌ಪೋರ್ಟ್ ತುಂಬಾ ಉದ್ದ” ಎಂದ.

“ಉದ್ದ ಇರ್ಲಿ ಬಿಡಪ್ಪ, ನಂಗೇನು ಅರ್ಜೆಂಟಿಲ್ಲ” ಎಂದೆ.

ದ್ವಾರಕನಾಥ